ಇನ್ನೂರನೇ ಮನೆಗೆ ಮುಂಚೆ ರಸ್ತೆ

ಬೆಳಿಗ್ಗೆ ಏಳೂವರೆಗೆ ಕ್ಲಿಫ್ಟನ್ ಹ್ಯಾಂಪ್ಡನ್ ಸೇತುವೆಯ ಸಿಗ್ನಲ್ ಮುಂದೆ ಕಾದು ಕೂರುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಥೇಮ್ಸ್ ನದಿಗೆ 1867ರಲ್ಲಿ ಇಟ್ಟಿಗೆಯಲ್ಲಿ ಕಟ್ಟಿದ ಕಮಾನು ಸೇತುವೆ ಅದು. ಕುದುರೆ ಗಾಡಿಯ ಅಗಲ. ಒಂದು ಸಲಕ್ಕೆ ಒಂದೇ ಕಡೆಯ ಗಾಡಿಗಳು ದಾಟಬೇಕು. ಹಸಿರು ಬಿದ್ದಾಗ ಒಂದಷ್ಟು ಕಾರು ಹೋಗುತ್ತವೆ, ಮತ್ತೆ ಕೆಂಪು. ಅಲ್ಲಿ ಕೂತಾಗೆಲ್ಲ ಬೆಂಗಳೂರಿನ ಪಣತ್ತೂರು ರೈಲ್ವೆ ಕೆಳಸೇತುವೆ ನೆನಪಾಗುತ್ತದೆ. ನನ್ನ ತಂಗಿ ಅದೇ ಹೊತ್ತಿಗೆ, ಅಂದರೆ ಅಲ್ಲಿಯ ಬೆಳಿಗ್ಗೆಗೆ, ಅಲ್ಲಿ ಸಿಕ್ಕಿಕೊಂಡಿರುತ್ತಾಳೆ. ಇಬ್ಬರ ತೊಂದರೆಯೂ ಒಂದೇ. ಊರು ಬೆಳೆಯಿತು, ದಾರಿ ಬೆಳೆಯಲಿಲ್ಲ.

ನಾನಿರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಡಿಡ್‌ಕಾಟ್‌ನಲ್ಲಿ. ಮೊದಲು ಇದು ರೈಲ್ವೆ ಜಂಕ್ಷನ್ ಮತ್ತು ಕಲ್ಲಿದ್ದಲು ವಿದ್ಯುತ್ ಸ್ಥಾವರದ ಊರು. ಸ್ಥಾವರದ ಕೊನೆಯ ಮೂರು ಕೂಲಿಂಗ್ ಟವರ್‌ಗಳನ್ನು 2019ರಲ್ಲಿ ಉರುಳಿಸಿದರು. 2015ರಲ್ಲಿ ಸರ್ಕಾರ ಇದನ್ನು ಗಾರ್ಡನ್ ಟೌನ್, ಅಂದರೆ ಹಸಿರು ಜಾಗ ಬಿಟ್ಟು ಯೋಜಿಸಿ ಬೆಳೆಸುವ ಊರು, ಎಂದು ಘೋಷಿಸಿತ್ತು. ಆಸುಪಾಸಿನ ವಿಜ್ಞಾನ ಕೇಂದ್ರಗಳಲ್ಲಿ ಕೆಲಸ ಇದೆ, ಹಾಗಾಗಿ ಮನೆ ಬೇಕು. ಗ್ರೇಟ್ ವೆಸ್ಟರ್ನ್ ಪಾರ್ಕ್ ಎಂಬ ಒಂದೇ ಬಡಾವಣೆಯಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಮನೆಗಳು ಎದ್ದವು. ಮನೆ ಎದ್ದಷ್ಟು ಬೇಗ ದಾರಿ ಆಗಲಿಲ್ಲ, ಇಲ್ಲೂ ಆ ತಪ್ಪು ಆಗಿದೆ. ಅದನ್ನು ಸರಿಪಡಿಸಲು ಒಂದು ದೊಡ್ಡ ಯೋಜನೆ ಬಂತು. ಇರುವ ಒಂದು ರಸ್ತೆಯ ಅಗಲೀಕರಣ, ರೈಲ್ವೆ ಹಳಿಯ ಮೇಲೊಂದು ಸೇತುವೆ, ಥೇಮ್ಸ್ ದಾಟುವ ಹೊಸ ರಸ್ತೆ, ಕ್ಲಿಫ್ಟನ್ ಹ್ಯಾಂಪ್ಡನ್ ಹಳ್ಳಿಗೆ ಬೈಪಾಸ್. ನಾಲ್ಕೂ ಸೇರಿ ಸುಮಾರು 296 ಮಿಲಿಯನ್ ಪೌಂಡ್ ಖರ್ಚು ಎಂದು ಆಗ ಅಂದಾಜಿಸಿದ್ದರು. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ಕೋಟಿ ರೂಪಾಯಿ ಆಸುಪಾಸು. ಇದರ ಬಹುಪಾಲು ಹಣ ಬರುವುದು ಹೌಸಿಂಗ್ ಇನ್‌ಫ್ರಾಸ್ಟ್ರಕ್ಚರ್ ಫಂಡ್‌ನಿಂದ. ಹೆಸರಲ್ಲೇ ಇದೆ ನೋಡಿ, ಮನೆ ಬರಲಿ ಅಂತಲೇ ರಸ್ತೆಗೆ ಕೊಡುವ ದುಡ್ಡು.

ಈ ಯೋಜನೆ ನನಗೆ ಮೊದಲು ಗೊತ್ತಾಗಿದ್ದು ಒಂದು ದೀಪದ ಕಂಬದಿಂದ. ಎ4 ಅಳತೆಯ ಹಾಳೆ, ಪ್ಲಾಸ್ಟಿಕ್ ಹೊದಿಕೆ, ಕೇಬಲ್ ಟೈನಲ್ಲಿ ಬಿಗಿದಿದ್ದರು. ಹೊದಿಕೆಯ ಒಂದು ಮೂಲೆಯಲ್ಲಿ ಮಳೆ ನೀರು ಒಳಗೆ ಇಳಿದು ಅಕ್ಷರ ಹರಡಿಕೊಂಡಿತ್ತು. ಅದರಲ್ಲಿ ಅರ್ಜಿ ಸಂಖ್ಯೆ, ನಕ್ಷೆ ಎಲ್ಲಿ ಸಿಗುತ್ತದೆ, ಅಭಿಪ್ರಾಯ ಕಳಿಸಲು ಕೊನೆಯ ದಿನ ಯಾವುದು, ಇಷ್ಟೇ ಇತ್ತು. ಮನೆಗೆ ಬಂದು ಆ ಸಂಖ್ಯೆ ಹಾಕಿ ನೋಡಿದರೆ ರಾಶಿ ರಾಶಿ ದಾಖಲೆ. ಎಲ್ಲಿ ಎಷ್ಟು ಶಬ್ದ ಹೆಚ್ಚುತ್ತದೆ, ಯಾವ ಬೇಲಿಯ ಗಿಡ ಹೋಗುತ್ತದೆ, ಯಾವ ಹೊಂಡದಲ್ಲಿ ಯಾವ ಜೀವಿ ಇದೆ, ಎಲ್ಲವೂ ಇತ್ತು. ಸೈಕಲ್ ದಾರಿ ರಸ್ತೆ ದಾಟುವ ಒಂದು ಜಾಗದ ಬಗ್ಗೆ ನಾನೂ ಎರಡು ಪ್ಯಾರಾ ಬರೆದು ಕಳಿಸಿದೆ. ಬಂದಿದೆ ಎಂದು ಉತ್ತರ ಬಂತು. ನಾನು ಇಲ್ಲಿ ಹುಟ್ಟಿದವನಲ್ಲ, ಹೊಲ ಗದ್ದೆ ಇಲ್ಲದವನು. ಆದರೂ ಬರೆಯಲು ಅಡ್ಡಿಯಾಗಲಿಲ್ಲ. ಆ ಸಂಜೆ ನನಗೆ ನಿಜಕ್ಕೂ ಖುಷಿಯಾಯಿತು.

ಆಮೇಲೆ ಆಗಿದ್ದು ಇನ್ನೂ ಆಶ್ಚರ್ಯ. ರಸ್ತೆ ಮಾಡಲು ಹೊರಟಿದ್ದು ಕೌಂಟಿ ಕೌನ್ಸಿಲ್, ನಮ್ಮ ಜಿಲ್ಲಾ ಪಂಚಾಯಿತಿಯಂಥ ಚುನಾಯಿತ ಸಂಸ್ಥೆ. ಅನುಮತಿ ಕೊಡಬೇಕಾದ್ದೂ ಅದೇ ಕೌನ್ಸಿಲ್‌ನ ಯೋಜನಾ ಸಮಿತಿ. 2023ರ ಜುಲೈನಲ್ಲಿ ಆ ಸಮಿತಿಯ ಸದಸ್ಯರು ತಮ್ಮದೇ ಕೌನ್ಸಿಲ್‌ನ ಯೋಜನೆಗೆ ಬೇಡ ಎಂದರು! ಕೂಡಲೇ ಕೇಂದ್ರ ಸರ್ಕಾರ ಅರ್ಜಿಯನ್ನು ತನ್ನ ಕೈಗೆ ತೆಗೆದುಕೊಂಡಿತು. 2024ರಲ್ಲಿ ತಿಂಗಳುಗಟ್ಟಲೆ ಸಾರ್ವಜನಿಕ ವಿಚಾರಣೆ ನಡೆಯಿತು. ಆಪಲ್‌ಫರ್ಡ್, ಕಲ್ಹ್ಯಾಮ್, ನ್ಯೂನ್‌ಹ್ಯಾಮ್ ಕೋರ್ಟ್‌ನೇ ಕಡೆಯ ಹಳ್ಳಿಗರು ವಿರೋಧಿಸಿದರು. ಅವರ ಮಾತು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ನಿಮ್ಮ ಹೊಸ ರಸ್ತೆಯ ಗಾಡಿಗಳೆಲ್ಲ ಕೊನೆಗೆ ನಮ್ಮ ಹಳ್ಳಿಯೊಳಗೆ ಬಂದು ಸೇರುತ್ತವೆ, ಆಗ ನಮಗೇನು ಪರಿಹಾರ ಎಂಬುದು ಅವರ ಕಾಳಜಿ. 2024ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು.

ಇಷ್ಟೊಂದು ಹೊತ್ತು ಹಿಡಿಯುವುದನ್ನು ನಾನು ಹೊಗಳುವುದಿಲ್ಲ. ಈ ದೇಶ ನಿಧಾನ. ಕೆಲಸ ತಡವಾದಷ್ಟೂ ಖರ್ಚು ಏರುತ್ತದೆ, ಮನೆ ಕಟ್ಟುವುದು ನಿಲ್ಲುತ್ತದೆ, ಬಾಡಿಗೆ ಮೇಲಕ್ಕೆ ಹೋಗುತ್ತದೆ. ನನ್ನ ಜೊತೆ ಕೆಲಸ ಮಾಡುವ ಎಳೆಯ ಹುಡುಗ ಹುಡುಗಿಯರು ಒಂದು ಕೋಣೆಗೆ ತಮ್ಮ ಸಂಬಳದ ದೊಡ್ಡ ಪಾಲು ಕೊಡುವುದನ್ನು ದಿನಾ ನೋಡುತ್ತೇನೆ. ಇಲ್ಲಿಯದೆಲ್ಲ ಚೆಂದ, ನಮ್ಮಲ್ಲಿಯದೆಲ್ಲ ಕೆಟ್ಟದ್ದು ಎನ್ನುವ ಮಾತು ನನ್ನದಲ್ಲ.

ಆದರೆ ಇಲ್ಲಿಯ ಒಂದು ಪದ್ಧತಿ ನಮ್ಮೂರಿಗೆ ಬೇಕೇ ಬೇಕು ಅನಿಸಿದೆ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಲ್ಲಿ ದೊಡ್ಡ ಬಡಾವಣೆಗೆ ಅನುಮತಿ ಕೊಡುವಾಗ ಷರತ್ತು ಬರೆಯುತ್ತಾರೆ. ಅದರಲ್ಲಿ ಒಂದು ಬಗೆಯದ್ದಕ್ಕೆ ಗ್ರಾಂಪಿಯನ್ ಷರತ್ತು ಎನ್ನುತ್ತಾರೆ. ಸ್ಕಾಟ್ಲೆಂಡಿನ ಅಬರ್ಡೀನ್‌ನ ಒಂದು ಕೇಸು 1980ರ ದಶಕದಲ್ಲಿ, ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿತ್ತು. ಅದರಲ್ಲಿದ್ದ ಗ್ರಾಂಪಿಯನ್ ಪ್ರಾದೇಶಿಕ ಕೌನ್ಸಿಲ್‌ನಿಂದ ಈ ಹೆಸರು. ಷರತ್ತಿನ ಹುರುಳು ಸರಳ. ನಿಮ್ಮ ಜಾಗದ ಹೊರಗೆ ಇಂಥ ಕೆಲಸ ಮುಗಿಯುವ ತನಕ ನಿಮ್ಮ ಜಾಗದ ಒಳಗೆ ಇಂಥದ್ದು ಮಾಡುವ ಹಾಗಿಲ್ಲ. "ಇನ್ನೂರನೇ ಮನೆಗೆ ಜನ ಬರುವ ಮುಂಚೆ ಆ ಜಂಕ್ಷನ್ ತೆರೆದಿರಬೇಕು" ಎನ್ನುವಂಥ ಒಂದು ಸಾಲು. ಇದರ ಜೊತೆಗೆ 1990ರ ಯೋಜನಾ ಕಾಯ್ದೆಯ ಸೆಕ್ಷನ್ 106 ಒಪ್ಪಂದ ಇದೆ. ಇಷ್ಟು ಮನೆಯಾದಾಗ ಶಾಲೆಗೆ ಇಷ್ಟು ಹಣ, ಇಷ್ಟಾದಾಗ ಬಸ್ಸಿಗೆ ಇಷ್ಟು, ರಸ್ತೆಗೆ ಇಷ್ಟು ಎಂದು ಅದರಲ್ಲಿ ಬರೆದಿರುತ್ತಾರೆ. ಇದನ್ನು ಟ್ರಿಗರ್ ಎನ್ನುತ್ತಾರೆ. ಮನೆಗಳ ಎಣಿಕೆ ಆ ಸಂಖ್ಯೆ ಮುಟ್ಟಿದ ಕೂಡಲೇ ಬಿಲ್ಡರ್ ಹಣ ಕಟ್ಟಬೇಕು ಅಥವಾ ಕೆಲಸ ಮುಗಿಸಿರಬೇಕು.

ಈ ಒಂದು ಸಾಲಿನ ಬಲ ನೋಡಿ. ರಸ್ತೆ ಆಗಲಿ ಅಂತ ಅಲ್ಲಿಯ ಜನ ಅಷ್ಟೇ ಕಾಯುತ್ತಿರುವುದಿಲ್ಲ, ಬಿಲ್ಡರ್ ಕೂಡ ಕಾಯುತ್ತಿರುತ್ತಾನೆ. ರಸ್ತೆ ತಡವಾದರೆ ಅವನ ಮನೆ ಮಾರಾಟ ನಿಲ್ಲುತ್ತದೆ. ಹಾಗಾಗಿ ಅವನೇ ಕೌನ್ಸಿಲ್‌ನ ಬೆನ್ನು ಹತ್ತುತ್ತಾನೆ.

ಈಗ ನನ್ನ ತಂಗಿಯ ಕಥೆಗೆ ಬರುತ್ತೇನೆ. ಬೆಂಗಳೂರಿನ ಪೂರ್ವಕ್ಕೆ, ಪಣತ್ತೂರಿನಿಂದ ಆಚೆ, ಅವಳು ಗಂಡನ ಜೊತೆ ಫ್ಲ್ಯಾಟ್ ಕೊಂಡಳು. ಬ್ರೋಶರ್ ನನಗೂ ಕಳಿಸಿದ್ದಳು. ಒಳ್ಳೆ ದಪ್ಪ ಕಾಗದ, ಮಿರಿಮಿರಿ ಹೊಳೆಯುತ್ತಿತ್ತು. ಅದರ ನಾಲ್ಕನೇ ಪುಟದಲ್ಲಿ ಒಂದು ನಕ್ಷೆ. ಅಪಾರ್ಟ್‌ಮೆಂಟ್ ಮುಂದೆ ದಪ್ಪ ಹಳದಿ ಗೆರೆ, ಅದರ ಮೇಲೆ "80 ಅಡಿ ರಸ್ತೆ". ಅವರು ಮನೆ ಸೇರಿದಾಗ ಆ ಹಳದಿ ಗೆರೆಯ ಜಾಗದಲ್ಲಿ ಒಂದು ಕಾಂಪೌಂಡ್ ಗೋಡೆ, ಅದರಾಚೆ ಒಬ್ಬರ ತೋಟ. ಇರುವ ದಾರಿ ಹಳೇ ಹಳ್ಳಿಯ ಓಣಿ. ಎದುರಿನಿಂದ ನೀರಿನ ಟ್ಯಾಂಕರ್ ಬಂದರೆ ಒಬ್ಬರು ಹಿಂದೆ ಹೋಗಬೇಕು. ಅದೇ ಓಣಿಗೆ ಇನ್ನೂ ನಾಲ್ಕು ಅಪಾರ್ಟ್‌ಮೆಂಟ್ ಬಂದು ಬಾಗಿಲು ತೆರೆದಿವೆ. ಮಗಳ ಸ್ಕೂಲ್ ಬಸ್ಸು ಒಳಗೆ ಬರುವುದಿಲ್ಲ, ಮುಖ್ಯ ರಸ್ತೆ ತನಕ ಸ್ಕೂಟರ್‌ನಲ್ಲಿ ಬಿಟ್ಟು ಬರುತ್ತಾಳೆ.

ಬೆಂಗಳೂರಿನಲ್ಲೂ ಕಟ್ಟುವವರಿಂದ ಶುಲ್ಕ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳುವುದಿಲ್ಲ ಎಂದಲ್ಲ. ಅಭಿವೃದ್ಧಿ ಶುಲ್ಕ, ಸುಧಾರಣಾ ಶುಲ್ಕ, ಹೆಸರು ಬೇಕಾದಷ್ಟು ಇವೆ. ಆದರೆ ಆ ಹಣಕ್ಕೂ ಆ ಓಣಿಗೂ ಗಂಟು ಹಾಕಿರುವುದಿಲ್ಲ. ಮನೆಗೆ ಅನುಮತಿ ಒಂದು ಕಡತ, ರಸ್ತೆ ಇನ್ನೊಂದು ಕಡತ. ಮೇಲಾಗಿ ಊರಿಗೆ ಇರುವ ಮಾಸ್ಟರ್ ಪ್ಲಾನ್ 2015ಕ್ಕೆಂದು 2007ರಲ್ಲಿ ಒಪ್ಪಿದ್ದು. 2031ರ ಕರಡನ್ನು 2017ರಲ್ಲಿ ಹೊರತಂದು, 2020ರಲ್ಲಿ ಹಿಂದಕ್ಕೆ ಪಡೆದರು.

ಬೆಂಗಳೂರಿನ ಹೊರಗೆ ಸುತ್ತಿ ಬರಲೆಂದು ಯೋಜಿಸಿದ ಪೆರಿಫೆರಲ್ ರಿಂಗ್ ರೋಡ್ ನೋಡಿ. 2005ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಪ್ರಾಥಮಿಕ ಅಧಿಸೂಚನೆ ಹೊರಡಿಸಿತು, 2007ರಲ್ಲಿ ಅಂತಿಮ ಅಧಿಸೂಚನೆ. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆ ತನಕ. ಮೊದಲು 65 ಕಿಲೋಮೀಟರ್ ಎಂದರು, ಆಮೇಲೆ 73 ಆಯಿತು. ಪರಿಸರ ವರದಿಯ ಮಾಹಿತಿ ಹಳೆಯದಾಯಿತೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೊಸದಾಗಿ ಮಾಡಿಸಿ ಎಂದಿತು. ರೈತರು 2013ರ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರ ಕೇಳಿದರು. ಬಿಡಿಎ ಕಾಯ್ದೆಯಡಿಯ ಸ್ವಾಧೀನಕ್ಕೆ ಅದು ಅನ್ವಯಿಸುವುದಿಲ್ಲ ಎಂದು 2022ರಲ್ಲಿ ಅದೇ ಕೋರ್ಟ್ ಹೇಳಿತು. ಈಗ ಹೆಸರು ಬೆಂಗಳೂರು ಬಿಸಿನೆಸ್ ಕಾರಿಡಾರ್. ಇಷ್ಟು ವರ್ಷ ಆ ಪಟ್ಟೆಯಲ್ಲಿ ಜಮೀನು ಇರುವವರ ಗತಿ ಏನು? ಒಳ್ಳೆ ಬೆಲೆಗೆ ಮಾರಲು ಆಗುವುದಿಲ್ಲ, ಧೈರ್ಯವಾಗಿ ಮನೆ ಕಟ್ಟಲು ಆಗುವುದಿಲ್ಲ, ಮಗಳ ಮದುವೆಗೆ ಸಾಲ ಕೇಳಿದರೆ ಬ್ಯಾಂಕಿನವರು ಪಹಣಿ ನೋಡಿ ಅನುಮಾನಿಸುತ್ತಾರೆ. 2005ರಲ್ಲಿ ಹುಟ್ಟಿದ ಮಗು ಈಗ ಮತ ಹಾಕುವ ವಯಸ್ಸು ದಾಟಿದೆ.

ಇಂಗ್ಲೆಂಡಿನಲ್ಲಿ ಇಂಥ ಕಡೆ ಬ್ಲೈಟ್ ನೋಟಿಸ್ ಎಂಬುದೊಂದಿದೆ. ನಿಮ್ಮ ಯೋಜನೆಯ ಗೆರೆ ನನ್ನ ಮನೆಯ ಮೇಲೆ ಬಿದ್ದಿದೆ, ಹಾಗಾಗಿ ಸರಿಯಾದ ಬೆಲೆಗೆ ಮಾರಲು ಆಗುತ್ತಿಲ್ಲ, ಈಗಲೇ ನೀವೇ ಕೊಂಡುಕೊಳ್ಳಿ ಎಂದು ಮನೆಯವರೇ ಪ್ರಾಧಿಕಾರಕ್ಕೆ ನೋಟಿಸ್ ಕೊಡಬಹುದು. ಜಾಗವನ್ನೇ ಕಳೆದುಕೊಳ್ಳದೆ ಬರೀ ಶಬ್ದ, ಹೊಗೆ, ದೀಪದ ಬೆಳಕಿನಿಂದ ಮನೆಯ ಬೆಲೆ ಇಳಿದವರಿಗೂ 1973ರ ಕಾಯ್ದೆಯಲ್ಲಿ ದಾರಿ ಇದೆ. ರಸ್ತೆ ತೆರೆದು ಒಂದು ವರ್ಷ ಆದ ಮೇಲೆ ಪರಿಹಾರ ಕೇಳಬಹುದು. ಒಂದು ವರ್ಷ ಯಾಕೆ ಅಂದರೆ ನಿಜವಾದ ಶಬ್ದ ಎಷ್ಟು ಅಂತ ಅಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ರೈತನ ಕೈಗೆ ಇಂಥದ್ದೊಂದು ನೋಟಿಸ್ ಇದ್ದಿದ್ದರೆ ಗೆರೆ ಎಳೆಯುವವರೂ ಎರಡು ಸಲ ಯೋಚಿಸುತ್ತಿದ್ದರು ಅಲ್ವಾ?

ರಸ್ತೆ ಆದರೆ ಸಾಕು, ಟ್ರಾಫಿಕ್ ಇಳಿಯುತ್ತದೆ ಎಂದು ನಾನು ನಂಬಿಲ್ಲ. ಲಂಡನ್ ಸುತ್ತಿನ ಎಂ25 ಹೆದ್ದಾರಿ 1986ರಲ್ಲಿ ಪೂರ್ತಿಯಾಯಿತು, ಬೇಗನೇ ತುಂಬಿಹೋಯಿತು. ಹೊಸ ರಸ್ತೆ ಹೊಸ ಗಾಡಿಗಳನ್ನು ಕರೆದು ತರುತ್ತದೆ ಎಂದು 1994ರಲ್ಲಿ ಇಲ್ಲಿಯ ಸರ್ಕಾರದ್ದೇ ಸಲಹಾ ಸಮಿತಿ ಒಪ್ಪಿತು. ನಮಗೆ ಇದಕ್ಕೆ ಸಮಿತಿ ಬೇಕಿಲ್ಲ. ಬೆಂಗಳೂರಿನ ಹೊರ ವರ್ತುಲ ರಸ್ತೆ ಲಾರಿಗಳು ಊರೊಳಗೆ ಬಾರದೆ ಆಚೆಯಿಂದಲೇ ಹೋಗಲಿ ಎಂದು ಮಾಡಿದ್ದು. ಆಮೇಲೆ ಅದರ ಅಕ್ಕಪಕ್ಕ ಟೆಕ್ ಪಾರ್ಕ್ ಎದ್ದವು, ಅವುಗಳ ಹಿಂದೆ ಅಪಾರ್ಟ್‌ಮೆಂಟ್‌ಗಳು. ಸುತ್ತು ರಸ್ತೆಯೇ ಊರಿನ ಹೊಟ್ಟೆಯಾಯಿತು. 2019ರಲ್ಲಿ ಅಲ್ಲಿ ಬಸ್ಸಿಗೇ ಒಂದು ಪಥ ಬಿಟ್ಟಾಗ ನಾನು ರಜಕ್ಕೆ ಬಂದಿದ್ದೆ. ಸಿಲ್ಕ್ ಬೋರ್ಡ್‌ನಿಂದ ಬಸ್ಸು ಕಾರುಗಳನ್ನು ಹಿಂದೆ ಹಾಕಿ ಹೋಗುವುದನ್ನು ಕಿಟಕಿಯಿಂದ ನೋಡಿದ್ದೇನೆ. ಅದನ್ನು ಉಳಿಸಿಕೊಳ್ಳಲಿಲ್ಲ ಎಂಬ ಬೇಸರ ಇನ್ನೂ ಇದೆ. ಹೊಸ ಕಾರಿಡಾರ್‌ನಲ್ಲಿ ಬಸ್ಸಿನ ಪಥವನ್ನು ಆಮೇಲೆ ನೋಡೋಣ ಎಂದು ಬಿಟ್ಟರೆ ಅದು ಬರುವುದೇ ಇಲ್ಲ. ಮೊದಲ ದಿನವೇ ಇರಬೇಕು.

ನಮ್ಮಲ್ಲಿ ಇಂಥ ಷರತ್ತು ಹಾಕಿದರೆ ಯಾರು ಕೇಳುತ್ತಾರೆ ಎನ್ನುವವರಿದ್ದಾರೆ. ಕಟ್ಟಡದಲ್ಲಿ ವಾಸ ಮಾಡಬಹುದು ಎನ್ನುವ ಸ್ವಾಧೀನಾನುಭವ ಪತ್ರ, ಅಂದರೆ ಒಸಿ, ಇಲ್ಲದೆಯೇ ಸಾವಿರಾರು ಮನೆಗಳಲ್ಲಿ ಜನ ಇದ್ದಾರೆ, ನಿಜ. ಆದರೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ. ಒಸಿ ತೋರಿಸಿದ ಮೇಲೆಯೇ ಕರೆಂಟು, ನೀರು ಕೊಡಬೇಕು. ಇದರಿಂದ ಮೂವತ್ತು ನಲವತ್ತರ ಸೈಟಿನಲ್ಲಿ ಸಣ್ಣ ಮನೆ ಕಟ್ಟಿದವರು ಪಟ್ಟ ಪಾಡು ನನಗೆ ಗೊತ್ತು, ಅವರ ಮೇಲೆ ಇನ್ನೊಂದು ಷರತ್ತು ಹೇರುವುದು ಬೇಡ. ನೂರಾರು ಫ್ಲ್ಯಾಟ್ ಕಟ್ಟುವವರಿಗೆ ಹಾಕಿ. ನಕ್ಷೆ ಮಂಜೂರು ಮಾಡುವಾಗಲೇ ಬರೆಯಿರಿ: ಮೊದಲ ಎರಡು ಬ್ಲಾಕ್‌ಗೆ ಒಸಿ, ಮಿಕ್ಕದ್ದಕ್ಕೆ ರಸ್ತೆ ತೆರೆದ ಮೇಲೆ. ಹಣ ಕೊಡುವವರು ಯಾರು, ಜಾಗ ಕೊಡಿಸುವವರು ಯಾರು ಎಂದೂ ಅದೇ ಹಾಳೆಯಲ್ಲಿ ಇರಲಿ. ಆ ಹಾಳೆಯನ್ನು ಆ ಓಣಿಯ ಕಂಬಕ್ಕೆ ಕನ್ನಡದಲ್ಲಿ ಬರೆದು ಕಟ್ಟಿ. ಮಳೆಗೆ ನೆನೆದರೂ ಪರವಾಗಿಲ್ಲ, ಓದಿದವರು ಓದಿರುತ್ತಾರೆ.

ತಂಗಿಗೆ ಆ ಬ್ರೋಶರ್ ಎಸೆಯಬೇಡ ಎಂದಿದ್ದೆ. ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆಂದು ಬಂದ 2016ರ ರೇರಾ ಕಾಯ್ದೆಯ ಸೆಕ್ಷನ್ 12ರಲ್ಲಿ ಜಾಹೀರಾತಿನ ಸುಳ್ಳು ಮಾತು ನಂಬಿ ದುಡ್ಡು ಕಟ್ಟಿ ನಷ್ಟ ಪಟ್ಟವರು ಪರಿಹಾರ ಕೇಳಬಹುದು ಎಂದಿದೆ. ಅವರ ಅಪಾರ್ಟ್‌ಮೆಂಟ್ ಸಂಘದವರು ಹೋದ ಭಾನುವಾರ ಕೂತು ದೂರು ಬರೆದಿದ್ದಾರೆ. ನಾಲ್ಕನೇ ಪುಟದ ಪ್ರತಿಯನ್ನು ಅದಕ್ಕೆ ಲಗತ್ತಿಸಿ, ಪಕ್ಕದಲ್ಲಿ ಕಾಂಪೌಂಡ್ ಗೋಡೆಯ ಫೋಟೋ ಇಟ್ಟಿದ್ದಾರೆ. ಫೋಟೋದ ಮೂಲೆಯಲ್ಲಿ ಸ್ಕೂಟರ್ ಹಿಂದೆ ಬ್ಯಾಗ್ ಹಾಕಿಕೊಂಡು ಕೂತ ತಂಗಿಯ ಮಗಳು ಕಾಣುತ್ತಾಳೆ.