ಹಸು ಮಾತ್ರ ಕ್ಷೇಮ

ಅಪ್‌ಡೇಟ್ ಅರ್ಧ ಆಗಿರುವಾಗಲೇ ಕರೆಂಟು ಕೈಕೊಡುವುದು ಡೆಸ್ಕ್‌ಟಾಪ್ ಇಟ್ಟುಕೊಂಡ ಯಾರಿಗೂ ಹೊಸತಲ್ಲ. ಆದರೆ ಮತ್ತೆ ಆನ್ ಮಾಡಿದಾಗ ಎಲ್ಲವೂ ಎಂದಿನಂತೆಯೇ ತೆರೆದುಕೊಂಡು, ಹೊಸದಾಗಿ ಏನನ್ನಾದರೂ ಇನ್‌ಸ್ಟಾಲ್ ಮಾಡಹೊರಟಾಗ ಮಾತ್ರ ಲಿನಕ್ಸ್ ತಿರುಗಿಬಿದ್ದರೆ ಬರುವ ಸಿಟ್ಟೇ ಬೇರೆ. ನನ್ನದಂತೂ ಇನ್ನೂ ಆರಿಲ್ಲ. ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಯಂತ್ರದಲ್ಲಿ ಕೂರಿಸುವ ಡಿಪಿಕೆಜಿಯ ಕೆಲಸ ನಡುವೆ ನಿಂತುಹೋಗಿದೆ, ಅದನ್ನೇ ಮತ್ತೆ ನಡೆಸಿ ಸರಿಪಡಿಸಿಕೊಳ್ಳಿ ಎಂದು, ಆ ಕಟ್ಟುಗಳನ್ನು ತರಿಸಿ ಡಿಪಿಕೆಜಿಗೆ ಒಪ್ಪಿಸುವ ಆ್ಯಪ್ಟ್ ಅಪ್ಪಣೆ ಕೊಡಿಸಿತು. ನಡೆಸಿದರೆ, ಸ್ಟೇಟಸ್ ಫೈಲನ್ನು ಓದಲಾಗುತ್ತಿಲ್ಲ ಎಂದು ಡಿಪಿಕೆಜಿ ಕೈಚೆಲ್ಲಿತು. ಮರಳಿ ಆ್ಯಪ್ಟ್ ಬಳಿ ಹೋದರೆ ಅದೇ ಅಪ್ಪಣೆ, ಅದೇ ವಿನಯ, ಒಂದಕ್ಷರವೂ ವ್ಯತ್ಯಾಸವಿಲ್ಲ.

1994ರಲ್ಲಿ ಹುಟ್ಟಿದ ಈ ಡಿಪಿಕೆಜಿ, ಯಂತ್ರದಲ್ಲಿ ಯಾವ ಯಾವ ಪ್ಯಾಕೇಜ್ ಇದೆ, ಯಾವ ಆವೃತ್ತಿಯದು ಎಂಬುದನ್ನೆಲ್ಲ ಸ್ಟೇಟಸ್ ಎಂಬ ಒಂದೇ ಒಂದು ಸಾದಾ ಪಠ್ಯದ ಫೈಲಿನಲ್ಲಿ ಬರೆದಿಡುತ್ತದೆ. ವಿದ್ಯಾರ್ಥಿ ಎದುರಿಗೇ ಕುಳಿತಿದ್ದರೂ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಅವನಿಲ್ಲವೆನ್ನುವ ಮೇಷ್ಟರ ಜಾತಿ ಅದು. ಆ ಫೈಲನ್ನು ಅಳಿಸಿ ಖಾಲಿಯದೊಂದನ್ನು ಇಟ್ಟುಬಿಡಿ ಎಂದು ಸಲಹೆ ಕೊಡುವ ಮಹನೀಯರೂ ಇದ್ದಾರೆ. ಹಾಗೆ ಮಾಡಿದರೆ ಯಂತ್ರದಲ್ಲಿ ಏನೂ ಇಲ್ಲವೆಂದು ನಂಬುವ ಆ್ಯಪ್ಟ್, ಸಣ್ಣದೇನನ್ನು ಕೇಳಿದರೂ ಅದರ ಬೆನ್ನಿಗೆ ಇಡೀ ಬಳಗವನ್ನೇ ಹೊಸದಾಗಿ ಕರೆತರಲು ಹೊರಡುತ್ತದೆ.

ದಾರಿ ಕಾಣದೆ ಆ್ಯಪ್ಟ್‌ನ ಸಹಾಯದ ಪುಟವನ್ನು ತೆರೆದೆ. ಅದರ ಕೊನೆಯ ಸಾಲು, ಈ ಆ್ಯಪ್ಟ್‌ಗೆ ಮಹಾಗೋವಿನ ಶಕ್ತಿಗಳಿವೆ ಎಂದು ಘೋಷಿಸುತ್ತದೆ. ಇದು ತಮಾಷೆಯೆಂದು ನನಗೆ ಗೊತ್ತು, ಆದರೆ ತಮಾಷೆಗೂ ಹೊತ್ತುಗೊತ್ತು ಬೇಡವೇ? ಒಂದು ಪ್ಯಾಕೇಜನ್ನೂ ಅಲುಗಾಡಿಸಲಾರದ ಈ ಗೋವಿನ ಶಕ್ತಿಯನ್ನು ನೋಡಿಯೇಬಿಡೋಣವೆಂದು "ಆ್ಯಪ್ಟ್ ಮೂ" ಎಂದು ಟೈಪಿಸಿದೆ. ಅದುವರೆಗೆ ಪ್ರತಿಯೊಂದಕ್ಕೂ ತಕರಾರು ತೆಗೆಯುತ್ತಿದ್ದ ವ್ಯವಸ್ಥೆ ಕ್ಷಣಮಾತ್ರದಲ್ಲಿ, ಗೆರೆ, ಆವರಣ ಚಿಹ್ನೆಗಳನ್ನೇ ಜೋಡಿಸಿ, ಕಿವಿ ಬಾಲಗಳ ಸಮೇತ ಒಂದು ಹಸುವನ್ನು ತಂದು ನಿಲ್ಲಿಸಿತು. ಇವತ್ತು ನೀವು ಅಂಬಾ ಎಂದಿರಾ ಎಂದು ಆ ಹಸು ವಿಚಾರಿಸಿತು. ನಾನು ಅಂಬಾ ಎನ್ನುವುದೊಂದೇ ಬಾಕಿ ಇತ್ತು. ಸ್ಟೇಟಸ್ ಫೈಲು ಹಾಳಾದರೂ ಹಸುವಿಗೆ ಕೂದಲೂ ಕೊಂಕದಂತೆ ವ್ಯವಸ್ಥೆ ಮಾಡಿದ ಪುಣ್ಯಾತ್ಮರು ಆ ಮುತುವರ್ಜಿಯಲ್ಲಿ ಕಾಲು ಭಾಗವನ್ನು ಫೈಲಿನ ಮೇಲೂ ತೋರಿಸಬಹುದಿತ್ತು ಎಂದು ಗೊಣಗಿಕೊಂಡೆ.

ತೋರಿಸಿದ್ದಾರೆ ಎಂಬುದು ಆಮೇಲೆ ತಿಳಿಯಿತು. ಸ್ಟೇಟಸ್ ಫೈಲು ಬದಲಾದಾಗಲೆಲ್ಲ ದಿನಕ್ಕೊಂದು ಪ್ರತಿಯನ್ನು, ಈ ಯಂತ್ರದಲ್ಲಿರುವ ಲಿನಕ್ಸ್ ರೂಪವಾದ ಡೆಬಿಯನ್, ಬ್ಯಾಕಪ್ ಫೋಲ್ಡರಿನಲ್ಲಿ ಸದ್ದಿಲ್ಲದೆ ತೆಗೆದಿಡುತ್ತದೆ. ಸಾವಿರ ಎಚ್ಚರಿಕೆ ಕೊಡುವ ಯಂತ್ರ ಇದೊಂದನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಅಲ್ಲಿ ಸಿಕ್ಕ ಪ್ರತಿಯನ್ನು ತೆರೆದು ನೋಡುತ್ತಾ ಸ್ವಲ್ಪ ಹೊತ್ತು ಕೆಲಸವೇ ಮರೆತುಹೋಯಿತು. ರಾತ್ರಿಯ ಆಕಾಶವನ್ನು ಗುರುತಿಸಲು ಕಲಿಯುವೆನೆಂದು ಹಾಕಿಕೊಂಡ ಸ್ಟೆಲೇರಿಯಂ, ಸಂಗೀತದ ಸ್ವರಲಿಪಿ ಬರೆಯಲು ತಂದ ಲಿಲಿಪಾಂಡ್, ಚದುರಂಗದ ಎಂಜಿನ್ನು. ಆಗ ನಾನು ಏನೇನಾಗಬೇಕೆಂದಿದ್ದೆ ಎಂಬುದನ್ನು ನನಗಿಂತ ಚೆನ್ನಾಗಿ ಈ ಫೈಲು ನೆನಪಿಟ್ಟುಕೊಂಡಿತ್ತು.

ಪ್ರತಿಯನ್ನು ಅದರ ಜಾಗಕ್ಕೆ ಹಾಕಿ, ಡಿಪಿಕೆಜಿಯ ಲಾಗ್ ನೋಡಿಕೊಂಡು ಆಮೇಲೆ ಬದಲಾಗಿದ್ದ ಪ್ಯಾಕೇಜುಗಳನ್ನು ಮರಳಿ ಇನ್‌ಸ್ಟಾಲ್ ಮಾಡಿದ ಮೇಲೆ ಎಲ್ಲವೂ ದಾರಿಗೆ ಬಂತು. ದೇಜಾವು ಫಾಂಟಿನದೊಂದು ಮಾತ್ರ ಉಳಿದಿದೆ: ಅದರ ಫೈಲುಗಳ ಪಟ್ಟಿ ಕಾಣೆಯಾಗಿರುವುದರಿಂದ ಆ ಪ್ಯಾಕೇಜಿನ ಯಾವ ಫೈಲೂ ಈ ಯಂತ್ರದಲ್ಲಿ ಇಲ್ಲವೆಂದು ಭಾವಿಸಲಾಗಿದೆ ಎಂಬ ಎಚ್ಚರಿಕೆಯನ್ನು ಟರ್ಮಿನಲ್ ಈಗಲೂ ನನಗೆ ಕೊಡುತ್ತಿದೆ, ಅದೇ ದೇಜಾವು ಅಕ್ಷರಗಳಲ್ಲಿ.