ಹಿತ್ತಲ ಸೊಪ್ಪಾದರೂ ತೊಳೆಯಬೇಕು

‘ಔಷಧಿ ಹೊಡೆಯದ ಹಿತ್ತಲ ಸೊಪ್ಪನ್ನು ತೊಳೆಯಬೇಕಿಲ್ಲ, ತೊಳೆದರೆ ಸತ್ವವೆಲ್ಲ ನೀರುಪಾಲು’ ಎಂಬ ಸಂದೇಶ ವಿಜಯಪುರದ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಸುತ್ತುತ್ತಿದೆ. ಇದರಲ್ಲಿ ಕಾಲುಭಾಗ ನಿಜ, ಮುಕ್ಕಾಲು ತಪ್ಪು.

ಹೆಚ್ಚಿದ ಸೊಪ್ಪನ್ನು ನೀರಿನಲ್ಲಿ ನೆನೆಹಾಕಿದರೆ ‘ಸಿ’ ಜೀವಸತ್ವ ಕರಗಿ ಹೋಗುವುದು ನಿಜ. ಹೆಚ್ಚುವ ಮೊದಲೇ ತೊಳೆದರೆ ಆ ಚಿಂತೆಯಿಲ್ಲ.

ಕೀಟನಾಶಕ ಇಲ್ಲವೆಂದರೆ ಕ್ರಿಮಿಯೂ ಇಲ್ಲವೆಂದಲ್ಲ. ಮಡಿಗೆ ಹಾಕಿದ್ದು ಸಗಣಿ ಗೊಬ್ಬರ. ರಾತ್ರಿ ಅಲ್ಲಿ ಓಡಾಡುವುದು ಬೀದಿಯ ನಾಯಿ, ಬೆಕ್ಕು. ಜಂತುಹುಳುವಿನ ಮೊಟ್ಟೆ ಕಣ್ಣಿಗೆ ಕಾಣುವಂಥದ್ದಲ್ಲ. ಪುಂಡಿ ಪಲ್ಯವಾದರೆ ಜೋಳದ ನುಚ್ಚಿನೊಡನೆ ಕೊತಕೊತ ಕುದಿಯುತ್ತದೆ, ಅಷ್ಟರಮಟ್ಟಿಗೆ ಬಚಾವು. ಆದರೆ ಹಕ್ಕರಿಕೆ, ಎಳೆ ಮೆಂತೆ, ಈರುಳ್ಳಿ ತಪ್ಪಲು? ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಹಸಿಯಾಗಿಯೇ ಬಾಯಿಗೆ ಹೋಗುತ್ತವೆ. ಉಪ್ಪುನೀರಿನಲ್ಲಿ ಅದ್ದಿದರೆ ಸಾಕೆನ್ನುವುದೂ ನಂಬುವಂಥದ್ದಲ್ಲ. ಆ ಮೊಟ್ಟೆಗಳು ಅದಕ್ಕೆಲ್ಲ ಜಗ್ಗುವುದಿಲ್ಲ.

ಬೇರು ಕತ್ತರಿಸಿ, ದಂಟು ಬಿಡಿಸಿ, ಅಗಲ ಪಾತ್ರೆಯಲ್ಲಿ ಮೂರು ನೀರು ಬದಲಿಸಿ, ಕೊನೆಗೆ ನಲ್ಲಿಯ ಕೆಳಗೆ ಹಿಡಿಯಿರಿ. ನೀರನ್ನು ಬಗ್ಗಿಸಬೇಡಿ, ಸೊಪ್ಪನ್ನು ಮೇಲಕ್ಕೆತ್ತಿ. ತಳದಲ್ಲಿ ಉಳಿದ ಎರೆಮಣ್ಣು ಆಗ ಕಾಣುತ್ತದೆ.