ಪರವಲಯದ ಶೃಂಗಕ್ಕೆ ಮೊದಲು ಸೂತ್ರವೇ? ಪರ – ವಿರೋಧ

ಪರ

ಬೀಜಗಣಿತಕ್ಕೆ ಹೊಸಬರಾದವರಿಗೆ ವೈ = ಎ·ಎಕ್ಸ್² + ಬಿ·ಎಕ್ಸ್ + ಸಿ ಎಂಬ ಪರವಲಯದ ಶೃಂಗವನ್ನು, ಅಂದರೆ ನಕ್ಷೆ ತಿರುಗುವ ಬಿಂದುವನ್ನು, ಕಂಡುಹಿಡಿಯಲು ಎಕ್ಸ್ = −ಬಿ/2ಎ ಎಂಬ ಸೂತ್ರವನ್ನೇ ಮೊದಲು ಕೊಡುವುದು ಸರಿ. ಇದನ್ನು ಬಾಯಿಪಾಠವೆಂದು ಹಳಿಯುವವರು ಅದರ ಹಿಂದಿನ ಕಾರಣ ಎಷ್ಟು ಚಿಕ್ಕದೆಂಬುದನ್ನು ಗಮನಿಸಿದಂತಿಲ್ಲ. ವೈ = 2ಎಕ್ಸ್² − 12ಎಕ್ಸ್ + 7 ಎಂಬುದನ್ನು ತೆಗೆದುಕೊಳ್ಳೋಣ. ಎಕ್ಸ್ 0 ಆದಾಗ ವೈ ಬೆಲೆ 7; ಅದೇ 7 ಮತ್ತೆಲ್ಲಿ ಬರುತ್ತದೆಂದು ಹುಡುಕಿದರೆ 2ಎಕ್ಸ್(ಎಕ್ಸ್ − 6) ಸೊನ್ನೆಯಾಗಬೇಕು, ಅಂದರೆ ಎಕ್ಸ್ = 6. ಒಂದೇ ಎತ್ತರದ ಈ ಎರಡು ಬಿಂದುಗಳ ನಟ್ಟನಡುವೆ, ನಕ್ಷೆಯನ್ನು ಸರಿಸಮನಾದ ಎರಡು ಬದಿಗಳಾಗಿಸುವ ಸಮಮಿತಿ ಅಕ್ಷ ಹಾದುಹೋಗುವುದರಿಂದ ಶೃಂಗ ಇರುವುದು ಎಕ್ಸ್ = 3ರಲ್ಲಿ; ಅಲ್ಲಿ ವೈ = 18 − 36 + 7 = −11. ಅಂಕಿಗಳ ಬದಲು ಎ, ಬಿ, ಸಿ ಇಟ್ಟು ಇದನ್ನೇ ಮಾಡಿದರೆ 0 ಮತ್ತು −ಬಿ/ಎ ಇವುಗಳ ಮಧ್ಯಬಿಂದುವಾಗಿ ಸೂತ್ರ ತಾನಾಗಿ ಸಿಗುತ್ತದೆ. ನಕ್ಷೆ ಎಕ್ಸ್ ಅಕ್ಷವನ್ನು ಮುಟ್ಟದಿದ್ದರೂ ಈ ಯುಕ್ತಿ ಕೈಕೊಡುವುದಿಲ್ಲ.

ಇದರ ಬದಲು ಬಹುಪದೋಕ್ತಿಯನ್ನು ಒಂದು ವರ್ಗ ಮತ್ತು ಒಂದು ಸಂಖ್ಯೆಯಾಗಿ ಬರೆಯುವ, ಅಂದರೆ ವರ್ಗ ಪೂರ್ಣಗೊಳಿಸುವ ವಿಧಾನದಲ್ಲಾದರೋ, 2(ಎಕ್ಸ್² − 6ಎಕ್ಸ್) ಎಂದು ಬರೆದು ಆವರಣದೊಳಗೆ 9 ಸೇರಿಸಿದವರು, ಹೊರಗೆ 18 ಕಳೆಯಬೇಕೆಂಬುದನ್ನು ಮರೆತು 9ನ್ನೇ ಕಳೆದು, −11ರ ಬದಲು −2ಕ್ಕೆ ಬಂದು ನಿಲ್ಲುತ್ತಾರೆ. ಭಿನ್ನರಾಶಿಗಳ ಕಾಟ ಬೇರೆ.

ವಿರೋಧ

ಮಧ್ಯಬಿಂದುವಿನ ವಾದ ಸೊಗಸಾಗಿದೆ, ಆದರೆ ಅದು ಸಮಮಿತಿಯನ್ನು ಸಾಧಿಸದೆಯೇ ಬಳಸಿಕೊಂಡಿದೆ. ಪರವಲಯ ಎರಡೂ ಬದಿಗೆ ಒಂದೇ ತೆರನಾಗಿರುತ್ತದೆಂದು ಹೇಳಿದವರು ಯಾರು? ನಕ್ಷೆಯಲ್ಲಿ ಹಾಗೆ ಕಾಣುತ್ತದೆ ಎನ್ನುವುದು ಗಣಿತದಲ್ಲಿ ಕಾರಣವಾಗದು. ಅದೇ ಬಹುಪದೋಕ್ತಿಯನ್ನು 2(ಎಕ್ಸ್ − 3)² − 11 ಎಂದು ಬರೆದುಕೊಂಡರೆ, 3ರಿಂದ ಎಡಕ್ಕೆ ಸರಿದರೂ ಬಲಕ್ಕೆ ಅಷ್ಟೇ ಸರಿದರೂ ವರ್ಗದ ಬೆಲೆ ಒಂದೇ ಎಂಬುದೂ, ವರ್ಗ ಎಂದೂ ಋಣವಾಗದ ಕಾರಣ ವೈ −11ಕ್ಕಿಂತ ಕೆಳಗಿಳಿಯಲಾರದು ಎಂಬುದೂ ಒಟ್ಟಿಗೇ ತಿಳಿಯುತ್ತವೆ. ಸೂತ್ರ ಶೃಂಗದ ಸ್ಥಾನವನ್ನಷ್ಟೇ ಹೇಳುತ್ತದೆ. ಅದಕ್ಕಿಂತ ಕೆಳಗೆ ಏಕೆ ಹೋಗಲಾಗದೆಂಬುದನ್ನು ಹೇಳುವುದಿಲ್ಲ.

ತಪ್ಪುಗಳ ವಿಷಯಕ್ಕೆ ಬಂದರೆ, −ಬಿ ಎಂಬಲ್ಲಿ −(−12) ಇರುವುದನ್ನು ಮರೆತವರು ಶೃಂಗವನ್ನು −3ರಲ್ಲಿಟ್ಟು, ವೈ ಬೆಲೆ 61 ಎಂದು ಬರೆದು, ಎಕ್ಸ್ = 0ಯಲ್ಲೇ ಅದು 7ಕ್ಕೆ ಇಳಿದಿರುವುದನ್ನು ನೋಡದೆ ಮುಂದೆ ಹೋಗುತ್ತಾರೆ. ಇತ್ತ 2(ಎಕ್ಸ್ − 3)² − 2 ಎಂದು ತಪ್ಪಿದವರು ಆವರಣ ಬಿಡಿಸಿ ನೋಡಿದರೆ ಸಾಕು, ಕೊನೆಯ ಪದ 7ರ ಬದಲು 16 ಬಂದು ತಪ್ಪು ಸಿಕ್ಕಿಬೀಳುತ್ತದೆ. ಭಿನ್ನರಾಶಿಗಳ ಕಾಟಕ್ಕಂತೂ ಹಿಂದಿನ ಕಾಲದ ಭಾರತೀಯ ಗಣಿತಜ್ಞ ಶ್ರೀಧರಾಚಾರ್ಯರು ಎಂದೋ ಮದ್ದು ಹೇಳಿದ್ದಾರೆ: ಇಡೀ ಸಮೀಕರಣವನ್ನು 4ಎಯಿಂದ ಗುಣಿಸಿಬಿಡುವುದು. ಜೊತೆಗೆ, 2(ಎಕ್ಸ್ − 3)² = 11 ಎಂದಿಟ್ಟರೆ ಮೂಲಗಳೂ (ವೈ ಸೊನ್ನೆಯಾಗುವ ಎಕ್ಸ್ ಬೆಲೆಗಳೂ) ಎರಡೇ ಹೆಜ್ಜೆಯಲ್ಲಿ ದೊರೆಯುತ್ತವೆ; −ಬಿ/2ಎ ಹಿಡಿದು ಹೊರಟವರು ಅದಕ್ಕಾಗಿ ಇನ್ನೊಂದು ಸೂತ್ರವನ್ನು ಕಲಿಯಬೇಕಾಗುತ್ತದೆ.